ಕೀಳರಿಮೆಗೆ ನಾಲ್ಕು ಮದ್ದು, ಒಂದು ಪಂಕ್ತಿ

ರೋಗಗಳಲ್ಲೂ ಮರ್ಯಾದಸ್ಥ ರೋಗಗಳು, ಮರ್ಯಾದೆಗೆಟ್ಟ ರೋಗಗಳು ಎಂಬ ಭೇದವಿದೆ. ಸಕ್ಕರೆ ಕಾಯಿಲೆಯವರು ಮದುವೆ ಮನೆಯಲ್ಲಿ ‘ನನಗೆ ಸಿಹಿ ಬೇಡ’ ಎಂದು ಗಟ್ಟಿಯಾಗಿ ಸಾರಿ ನಾಲ್ಕು ಜನರ ಕನಿಕರವನ್ನೂ ಗೌರವವನ್ನೂ ಒಟ್ಟಿಗೆ ಗಳಿಸುತ್ತಾರೆ. ರಕ್ತದೊತ್ತಡದವರ ಎದುರು ಹೆಂಡತಿ ಮಕ್ಕಳು ಧ್ವನಿ ಏರಿಸುವುದಿಲ್ಲ. ಆದರೆ ಕೀಳರಿಮೆ ಎಂಬ ರೋಗವಿದೆಯಲ್ಲ, ಅದರ ಪಾಡೇ ಬೇರೆ. ‘ನನಗೆ ಕೀಳರಿಮೆ ಇದೆ’ ಎಂದು ನಾಲ್ಕು ಜನರ ಮುಂದೆ ಹೇಳಿಕೊಳ್ಳುವಷ್ಟು ದೊಡ್ಡ ಮನುಷ್ಯನೇ ನಾನು ಎಂಬ ಅನುಮಾನ ಆ ರೋಗಿಯನ್ನು ಕಾಡುತ್ತದೆ. ಹಾಗಾಗಿ ಅವನು ಹೇಳುವುದಿಲ್ಲ. ಹೇಳದಿದ್ದರಿಂದ ಯಾರೂ ಮದ್ದು ಕೊಡುವುದಿಲ್ಲ. ಯಾರೂ ಮದ್ದು ಕೊಡಲಿಲ್ಲವಲ್ಲ, ನಾನು ಅಷ್ಟಕ್ಕೂ ಯೋಗ್ಯನಲ್ಲವೇ ಎಂದು ರೋಗ ಇನ್ನಷ್ಟು ಬಲಿಯುತ್ತದೆ.

ಎಪ್ಪತ್ತರ ದಶಕದ ನಡುವಿನಲ್ಲಿ ನಾನು ಚನ್ನಗಿರಿಯಲ್ಲಿ ನೀರಾವರಿ ಕಚೇರಿಯ ಗುಮಾಸ್ತನಾಗಿದ್ದೆ. ಸೂಳೆಕೆರೆಯ ಕಾಲುವೆ ನೀರಿನ ತಕರಾರು ಹೊತ್ತುಕೊಂಡು ರೈತರು ಬರುತ್ತಿದ್ದರು. ಬಾಗಿಲಲ್ಲಿ ನಿಂತು, ನನ್ನ ಮೇಜಿನ ಕಡೆ ನೋಡಿ, ಮೇಜಿನ ಹಿಂದೆ ಕೂತಿದ್ದ ನನ್ನನ್ನೂ ನೋಡಿ, ‘ಯಾರೂ ಇಲ್ವೇನ್ರಿ ಇಲ್ಲಿ?’ ಎಂದು ಕೇಳುತ್ತಿದ್ದರು. ನಾನು ಅತ್ಯಂತ ಪ್ರಾಮಾಣಿಕವಾಗಿ ‘ಇಲ್ಲ’ ಎನ್ನುತ್ತಿದ್ದೆ. ಅವರು ಹೊರಗೆ ಹೋಗಿ ಕಟ್ಟೆಯ ಮೇಲೆ ಕೂತು ಯಾರಾದರೂ ಬರುವುದನ್ನು ಕಾಯುತ್ತಿದ್ದರು. ಒಮ್ಮೊಮ್ಮೆ ಅವರ ಜೊತೆ ಹೋಗಿ ನಾನೂ ಕಾಯಬೇಕೆನಿಸುತ್ತಿತ್ತು. ಇನ್ನು ನನ್ನ ಮದುವೆಯ ವಿಚಾರ. ಫೋಟೋ ತೆಗೆಯುವವನು ಕ್ಯಾಮೆರಾದಲ್ಲಿ ಕಣ್ಣಿಟ್ಟು, ಹೆಂಡತಿಯ ಪಕ್ಕದಲ್ಲಿದ್ದ ನನ್ನನ್ನು ನೋಡಿ, ‘ನೀವು ಸ್ವಲ್ಪ ಸರೀರಿ, ಮದುಮಗ ಬರ್ಲಿ’ ಎಂದ. ಅವನು ಹಾಗೆ ಅಂದದ್ದು ದೊಡ್ಡದಲ್ಲ. ನಾನು ಸರಿದುಬಿಟ್ಟೆ. ನನ್ನ ಹೆಂಡತಿ ಕೊಟ್ರಮ್ಮ ಪಂಚೆಯ ಅಂಚು ಹಿಡಿದು ಎಳೆದುಕೊಳ್ಳದೆ ಇದ್ದಿದ್ದರೆ ಆ ಫೋಟೋದಲ್ಲಿ ಇವತ್ತಿಗೂ ಅವಳು ಒಬ್ಬಳೇ ಇರುತ್ತಿದ್ದಳು.

ಹೀಗೆಯೇ ಆಯುಸ್ಸು ಕಳೆದುಬಿಡಬಹುದಿತ್ತು. ಆದರೆ ನನ್ನ ನಾದಿನಿಗೆ ಮದುವೆ ನಿಶ್ಚಯವಾಯಿತು. ಮಾವನವರದು ಜಗಳೂರು. ಅವರಿಗೆ ಗಂಡು ಮಕ್ಕಳಿಲ್ಲ, ಇಬ್ಬರೇ ಹೆಣ್ಣುಮಕ್ಕಳು. ಹಿರಿಯಳನ್ನು ನನಗೆ ಕೊಟ್ಟಿದ್ದರು. ಕಿರಿಯಳ ಗಂಡಿನ ಕಡೆಯವರು ಹೊನ್ನಾಳಿ ಕಡೆಯ ಹೊಳೆದಂಡೆಯ ಜನ, ಅನ್ನ ನೀರಿಗೆ ಕೊರತೆ ಕಾಣದವರು, ಉಪಚಾರದ ವಿಷಯದಲ್ಲಿ ಮಹಾ ಕಟ್ಟುನಿಟ್ಟು. ಅದರಲ್ಲೂ ಹುಡುಗನ ದೊಡ್ಡಪ್ಪನವರ ಹೆಸರು ಹೇಳಿದರೆ ಬೀಗರಾದವರ ಎದೆ ನಡುಗುತ್ತಿತ್ತು. ಕೆಂಪು ರುಮಾಲು, ಕೆನ್ನೆ ದಾಟಿದ ಮೀಸೆ, ನಕ್ಕದ್ದನ್ನು ಯಾರೂ ಕಂಡವರಿಲ್ಲ. ಹಿಂದೊಂದು ಮದುವೆಯಲ್ಲಿ ಅರ್ಧ ಊಟದಲ್ಲಿ ಎಲೆ ಬಿಟ್ಟು ಎದ್ದವರು ಅವರು. ‘ಪಂಕ್ತಿಯಲ್ಲಿ ಯಾರೂ ವಿಚಾರಿಸಲಿಲ್ಲ’ ಎಂಬುದೇ ಕಾರಣವಂತೆ. ಅವರು ಎದ್ದದ್ದೇ ತಡ, ಅವರ ಕಡೆಯವರೆಲ್ಲ ಎದ್ದರು. ಆ ಮನೆಗೆ ಸೊಸೆಯಾಗಿ ಬಂದ ಹುಡುಗಿ ವರ್ಷಗಟ್ಟಲೆ ತವರಿನ ಮುಖ ನೋಡಲಿಲ್ಲವಂತೆ.

ಈ ಪಂಕ್ತಿ ವಿಚಾರಣೆ ಏನೆಂದು ಬಫೆ ಊಟದ ಇವತ್ತಿನವರಿಗೆ ಸ್ವಲ್ಪ ಹೇಳಬೇಕು. ಬಡಿಸುವವರು ಬೇರೆ, ವಿಚಾರಿಸುವವನು ಬೇರೆ. ಬಡಿಸುವವನ ಕೈಯಲ್ಲಿ ಬಕೆಟ್ಟು, ಸೌಟು ಇರುತ್ತವೆ. ಅವನಿಗೆ ಎಷ್ಟೋ ಧೈರ್ಯ. ವಿಚಾರಿಸುವವನ ಕೈ ಖಾಲಿ. ಹೆಗಲ ಮೇಲೆ ಶಲ್ಯ ಹಾಕಿಕೊಂಡು, ಎಲೆಗಳ ಸಾಲಿನ ನಡುವೆ ಈ ತುದಿಯಿಂದ ಆ ತುದಿಯವರೆಗೆ ನಡೆಯುತ್ತ, ಒಬ್ಬೊಬ್ಬರ ಮುಂದೆಯೂ ಬಗ್ಗಿ, ‘ಸಾವಕಾಶ ಊಟ ಮಾಡ್ರಿ, ಏನ್ ಹಾಕಿಸ್ಲಿ, ಸಂಕೋಚ ಮಾಡ್ಕಬ್ಯಾಡ್ರಿ’ ಎಂದು ಕೇಳಬೇಕು. ‘ಬ್ಯಾಡ’ ಎಂದವರಿಗೆ ಒತ್ತಾಯ ಮಾಡಿ ಹಾಕಿಸಬೇಕು. ಹಾಕಿಸಿದ ಮೇಲೆ ‘ಏನೂ ಉಣ್ಣಲೇ ಇಲ್ಲ ನೀವು’ ಎಂದು ದೂರಬೇಕು. ಇದು ಹೆಣ್ಣಿನ ಮನೆಯ ಗಂಡುಮಗನ ಕೆಲಸ. ಗಂಡುಮಗ ಇಲ್ಲದ ಮನೆಯಲ್ಲಿ ಹಿರಿಯ ಅಳಿಯನದು. ಎಂದರೆ, ಯಾರಾದರೂ ‘ಯಾರೂ ಇಲ್ವಾ’ ಎಂದರೆ ‘ಇಲ್ಲ’ ಎನ್ನುವ ನನ್ನದು.

ಮಾವನವರು ಚನ್ನಗಿರಿಗೆ ಬಂದು, ಕಾಫಿ ಕುಡಿದು, ಲೋಟ ಕೆಳಗಿಡುತ್ತ ಹೇಳಿದರು: ‘ಪಂಕ್ತಿ ನಿಮ್ದು ಅಳಿಯಂದ್ರೆ. ಮಿಕ್ಕಿದ್ದೆಲ್ಲ ನಾನು ನೋಡ್ಕಂತೀನಿ.’ ನಾನು ಹೂಂ ಎಂದೆ. ಆಗುವುದಿಲ್ಲ ಎನ್ನಲು ಬೇಕಾದ ಧೈರ್ಯ ಇದ್ದಿದ್ದರೆ ಪಂಕ್ತಿಯನ್ನೇ ನಿಭಾಯಿಸಬಹುದಿತ್ತಲ್ಲ. ಅವರು ಹೋದ ಮೇಲೆ ಕೊಟ್ರಮ್ಮ ನನ್ನೆದುರು ಬಂದು ಕೂತಳು.

‘ಏನ್ರೀ, ಮಾಡ್ತೀರಾ?’

‘ನೋಡೋಣ.’

‘ನೋಡೋದಲ್ಲ. ಅವ್ಳು ಬಾಳ್ಬೇಕಾದ ಮನೆ ಅದು. ನೀವು ಕಂಬ ನಿಂತಂಗೆ ನಿಂತ್ರೆ ಆ ದೊಡ್ಡಪ್ಪ ಎಲೆ ಬಿಟ್ಟು ಎದ್ದ ಅಂತ ತಿಳ್ಕಳ್ರಿ. ನನ್ನ ತಂಗೀನ ಆಮೇಲೆ ಜಗಳೂರು ಕಡೀಗೆ ತಲೆ ಹಾಕಿ ಮಲಗಾಕೂ ಬಿಡಲ್ಲ ಅವ್ರು.’

ಹೀಗೆ ನನ್ನ ಚಿಕಿತ್ಸೆ ಅನಿವಾರ್ಯವಾಯಿತು. ಕೀಳರಿಮೆಯ ನಾನಾ ಚಿಕಿತ್ಸೆಗಳನ್ನು ಪಂಡಿತರು ಬೇರೆ ಬೇರೆ ರೋಗಿಗಳ ಮೇಲೆ ಪ್ರಯೋಗಿಸಿ ಹೋಲಿಸುತ್ತಾರೆಂದು ಕೇಳಿದ್ದೇನೆ. ಅದು ಅಷ್ಟು ಶುದ್ಧವಾದ ಕ್ರಮವಲ್ಲ. ರೋಗಿ ಬದಲಾದರೆ ರೋಗವೂ ಬದಲಾಗುತ್ತದೆ. ಎಲ್ಲ ಮದ್ದುಗಳನ್ನೂ ಒಬ್ಬನೇ ರೋಗಿಗೆ, ಒಂದೇ ಮದುವೆಯ ಗಡುವಿನೊಳಗೆ ಕುಡಿಸಿ ನೋಡಿದ ತೌಲನಿಕ ಅಧ್ಯಯನ ಬಹುಶಃ ನನ್ನದೊಂದೇ. ವಿದ್ವಾಂಸರು ಗಮನಿಸಬೇಕು.

ಮೊದಲನೆಯದು ಕನ್ನಡಿ ಚಿಕಿತ್ಸೆ. ಹೊನ್ನಾಳಿಯಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದ ರುದ್ರಯ್ಯ ನನ್ನ ಬಾಲ್ಯದ ಗೆಳೆಯ. ಅವನಿಗೆ ಹೇಳಿಕೊಳ್ಳೋಣವೆಂದು ಹೋದೆ. ಹೊಳೆಯ ಕಡೆ ತಿರುಗಾಡುತ್ತ ಎಲ್ಲವನ್ನೂ ಕೇಳಿಸಿಕೊಂಡು ಅವನು ಹೇಳಿದ: ‘ಇಷ್ಟೇನಾ? ಪತ್ರಿಕೇಲಿ ಓದೀನಿ ಮಾರಾಯ. ದಿನಾ ಬೆಳಿಗ್ಗೆ ಕನ್ನಡಿ ಮುಂದೆ ನಿಂತ್ಕಂಡು ನಾನು ಸಿಂಹ, ನಾನು ಸಿಂಹ ಅಂತ ಹೇಳ್ಕಬೇಕು. ಮನಸ್ಸು ಅನ್ನೋದು ದಡ್ಡ, ಹೇಳಿದ್ದನ್ನ ನಂಬ್ತೈತೆ.’ ನನ್ನ ಮನಸ್ಸು ದಡ್ಡ ಎಂಬುದು ನನಗೆ ಮೊದಲೇ ಗೊತ್ತಿತ್ತು. ಹಾಗಾಗಿ ಚಿಕಿತ್ಸೆ ನಾಟಬಹುದೆಂದು ಆಸೆಯಾಯಿತು. ತೊಡಕು ಬಂದದ್ದು ಕನ್ನಡಿಯಲ್ಲಿ. ನಮ್ಮ ಮನೆಯಲ್ಲಿದ್ದದ್ದು ಗಡ್ಡ ಕೆರೆಯಲು ಕಿಟಕಿಯ ಸರಳಿಗೆ ಸಿಕ್ಕಿಸುತ್ತಿದ್ದ ಅಂಗೈಯಗಲದ ಕನ್ನಡಿ. ಅದರಲ್ಲಿ ಒಂದು ಸಲಕ್ಕೆ ಒಂದು ಕೆನ್ನೆ ಮಾತ್ರ ಕಾಣುತ್ತಿತ್ತು. ಮೂಗಿಗೆ ಸಿಂಹ ಎಂದರೆ ಗಲ್ಲಕ್ಕೆ ತಿಳಿಯುತ್ತದೆಯೇ? ಆದರೂ ಮುಖಕ್ಕೆಲ್ಲ ಸೋಪಿನ ನೊರೆ ಹಚ್ಚಿಕೊಂಡು, ಗಂಟಲು ಸರಿಮಾಡಿಕೊಂಡು, ‘ನಾನು ಸಿಂಹ’ ಎಂದೆ.

ಕಿಟಕಿಯ ಆಚೆಯಿಂದ, ‘ಆತು ಬಿಡಪ್ಪ, ಯಾರು ಬ್ಯಾಡ ಅಂದ್ರು?’ ಎಂದು ಕೇಳಿಸಿತು.

ಮನೆ ಮಾಲೀಕರ ತಾಯಿ. ಕಿಟಕಿಯ ಕೆಳಗಿನ ಜಗಲಿಯಲ್ಲಿ ಅವರೆಕಾಯಿ ಬಿಡಿಸುತ್ತ ಕೂತಿದ್ದರು. ಮಾರನೆಯ ದಿನ ನಾನು ಬಾಯಿ ತೆರೆಯುವ ಮೊದಲೇ ‘ಯಾಕೆ, ಇವತ್ತು ಸಿಂಹ ಇನ್ನೂ ಎದ್ದಿಲ್ವಾ?’ ಎಂದು ಕೊಟ್ರಮ್ಮನನ್ನು ವಿಚಾರಿಸಿದರು. ಮೂರನೆಯ ದಿನದಿಂದ ನಾನು ಪಿಸುಗುಟ್ಟತೊಡಗಿದೆ. ಪಿಸುಗುಟ್ಟುವ ಸಿಂಹದಿಂದ ಏನಾದೀತು? ಕೊನೆಗೆ ಗಡ್ಡವನ್ನೇ ಕೆರೆದುಕೊಳ್ಳದೆ ಕಚೇರಿಗೆ ಹೋಗತೊಡಗಿದೆ. ಸಾಹೇಬರು ‘ಮನೆಯಲ್ಲಿ ಏನಾದರೂ ಸಾವು ಗೀವು?’ ಎಂದು ಮರುಗಿದರು. ಹಾಗೇನೂ ಇಲ್ಲ ಎಂದು ಹೇಳಲು ಸಂಕೋಚವಾಗಿ ತಲೆ ತಗ್ಗಿಸಿದೆ. ಅವರು ಅರ್ಧ ದಿನ ರಜೆ ಕೊಟ್ಟರು.

ಎರಡನೆಯದು ಬಾಲ್ಯಕ್ಕೆ ಹೋಗುವ ಚಿಕಿತ್ಸೆ. ಊರಿನ ಕಾಲೇಜಿಗೆ ಹೊಸದಾಗಿ ಪ್ರಭಾಕರ ಎಂಬ ಲೆಕ್ಚರರು ಬಂದಿದ್ದರು. ಮೈಸೂರಿನಲ್ಲಿ ಮನಶ್ಶಾಸ್ತ್ರ ಓದಿದವರು. ಹೋಟೆಲಿನಲ್ಲಿ ಎದುರು ಬದುರು ಕೂತು ಪರಿಚಯವಾಗಿತ್ತು. ವಿಷಯ ತಿಳಿದದ್ದೇ ಅವರ ಕಣ್ಣು ಹೊಳೆದವು. ಸಂಜೆ ತಮ್ಮ ಬಾಡಿಗೆ ಕೋಣೆಗೆ ಕರೆದುಕೊಂಡು ಹೋಗಿ, ಇದ್ದ ಒಂದೇ ಆರಾಮ ಕುರ್ಚಿಯಲ್ಲಿ ನನ್ನನ್ನು ಒರಗಿಸಿ, ಕಣ್ಣು ಮುಚ್ಚಿಸಿ, ‘ನಿಮ್ಮನ್ನು ಮೊಟ್ಟಮೊದಲು ಹೀಯಾಳಿಸಿದವರು ಯಾರು? ಅಲ್ಲಿಗೆ ಹೋಗಿ’ ಎಂದರು. ಹೋದೆ. ನಲ್ಲೂರಿನಲ್ಲಿದ್ದ ನಮ್ಮ ಸೋದರಮಾವ ಸಿಕ್ಕಿದರು. ಲಗೋರಿ ಆಡುವಾಗ ಎರಡೂ ಪಕ್ಷದವರು ಹಂಚಿಕೊಂಡು ಉಳಿದ ನನ್ನನ್ನು ನೋಡಿ, ‘ಇವ್ನು ಮರದ ಕೆಳಗೆ ಕೂತು ಎಲ್ಲಾರ ಚಪ್ಲಿ ಕಾಯ್ಲಿ ಬಿಡು’ ಎಂದಿದ್ದರು. ‘ಇನ್ನೂ ಹಿಂದೆ ಹೋಗಿ’ ಎಂದರು ಪ್ರಭಾಕರ. ಇನ್ನೂ ಹಿಂದೆ ನಮ್ಮ ಅತ್ತೆ ಕೂತಿದ್ದರು. ಅವರು ಮಕ್ಕಳಿಗೆಲ್ಲ ಚಕ್ಕುಲಿ ಹಂಚಿ, ಡಬ್ಬಿ ಮುಚ್ಚಿ, ಆಮೇಲೆ ನನ್ನನ್ನು ಕಂಡು ‘ಅಯ್ಯೋ, ಇದೊಂದು ಇತ್ತಲ್ಲ’ ಎಂದಿದ್ದರು.

ವಾರಕ್ಕೆರಡು ಸಂಜೆ ಹೀಗೆ ಅಗೆತ ನಡೆಯಿತು. ನಾನು ಮರೆತು ಸುಖವಾಗಿದ್ದ ಅವಮಾನಗಳೆಲ್ಲ ಮಣ್ಣು ಕೊಡವಿಕೊಂಡು ಎದ್ದು ಬಂದು ಸಾಲಾಗಿ ಕೂತವು. ಮೊದಲು ನನಗೆ ಈಚಿನ ಅವಮಾನಗಳ ಕಾಟ ಮಾತ್ರ ಇತ್ತು. ಈಗ ಪೂರ್ವಾರ್ಜಿತವೂ ಸೇರಿಕೊಂಡಿತು. ‘ಗುಣ ಆತೇನ್ರೀ?’ ಎಂದು ಕೊಟ್ರಮ್ಮ ಕೇಳಿದಳು. ‘ಇಲ್ಲ, ರೋಗ ತುಂಬಾ ಹಳೇದಂತೆ’ ಎಂದೆ. ಒಂದು ಸಂಜೆ ಪ್ರಭಾಕರ ತಮ್ಮ ತಂದೆ ತಮ್ಮನ್ನು ಒಮ್ಮೆಯೂ ಭೇಷ್ ಎನ್ನಲಿಲ್ಲವೆಂಬ ವಿಷಯ ಎತ್ತಿದರು. ನಾನು ಕುರ್ಚಿಯಿಂದೆದ್ದು ಅವರಿಗೆ ಜಾಗ ಬಿಟ್ಟೆ. ಅವರು ಒರಗಿಕೊಂಡು ಬಹಳ ಹೊತ್ತು ಮಾತಾಡಿದರು, ಸ್ವಲ್ಪ ಅತ್ತರು, ಕೊನೆಗೆ ಕನ್ನಡಕ ಒರೆಸಿಕೊಂಡು, ‘ನೀವು ಬಹಳ ಚೆನ್ನಾಗಿ ಕೇಳಿಸಿಕೊಳ್ಳುತ್ತೀರಿ’ ಎಂದರು. ಅಂದಿನಿಂದ ಕುರ್ಚಿ ಅವರದೇ ಆಯಿತು. ಮುಂದಿನ ಸಂಜೆಗಳಲ್ಲಿ ನಾನು ಸ್ಟೂಲಿನ ಮೇಲೆ ಕೂತು ಹೂಂಗುಟ್ಟಿದೆ.

ಮೂರನೆಯದನ್ನು ಸಾಕ್ಷ್ಯ ಚಿಕಿತ್ಸೆ ಎಂದು ಕರೆಯಬಹುದು. ನಮ್ಮ ಬೀದಿಯ ಮಹಾರುದ್ರಪ್ಪ ವಕೀಲರು ಅದರ ಕರ್ತೃ. ಅವರಿಗೆ ಮನಸ್ಸು, ಬಾಲ್ಯ ಇವುಗಳಲ್ಲಿ ನಂಬಿಕೆ ಇರಲಿಲ್ಲ. ಸಂಜೆ ಅವರ ಪಡಸಾಲೆಯಲ್ಲಿ ನನ್ನನ್ನು ಎದುರು ನಿಲ್ಲಿಸಿ ಪಾಟೀಸವಾಲು ಶುರುಮಾಡಿದರು.

‘ಜನ ನಿನ್ನನ್ನ ಕೀಳಾಗಿ ಕಾಣ್ತಾರೆ ಅಂತೀಯ. ಕಂಡದ್ದನ್ನ ನೀನು ಕಣ್ಣಾರೆ ಕಂಡೀಯಾ?’

‘ಹಾಗನ್ನಿಸುತ್ತೆ.’

‘ಅನ್ಸೋದು ಸಾಕ್ಷ್ಯ ಅಲ್ಲ ಕಣಯ್ಯ! ಅನ್ಸಿದ್ದಕ್ಕೆಲ್ಲ ಶಿಕ್ಷೆ ಕೊಡೋ ಹಂಗಿದ್ರೆ ಅರ್ಧ ತಾಲ್ಲೂಕು ಜೈಲಲ್ಲಿರ್ತಿತ್ತು. ಸಾಕ್ಷಿ ತಾ.’

ಅವರ ಆದೇಶದಂತೆ ನಾನು ಕಚೇರಿಯ ಟೈಪಿಸ್ಟನ್ನು ಮೂಲೆಗೆ ಕರೆದು, ನನ್ನ ಬಗ್ಗೆ ಕಚೇರಿಯಲ್ಲಿ ಏನು ಮಾತಾಡಿಕೊಳ್ಳುತ್ತಾರೆ, ನಿರ್ಭಯವಾಗಿ ಹೇಳು ಎಂದು ಬೇಡಿಕೊಂಡೆ. ಅವನು ಬಹಳ ಹೊತ್ತು ಯೋಚಿಸಿದ. ಒಳ್ಳೆಯ ಹುಡುಗ, ಏನಾದರೂ ನೆನಪಾಗಲಿ ಎಂದು ನಿಜವಾಗಿಯೂ ಕಷ್ಟಪಟ್ಟ. ಕೊನೆಗೆ ಕೈಚೆಲ್ಲಿ, ‘ಇಲ್ಲ ಸಾರ್. ನಿಮ್ಮ ವಿಚಾರ ಇಲ್ಲೀಗಂಟ ಯಾರೂ ಎತ್ತೇ ಇಲ್ಲ’ ಎಂದ. ವಕೀಲರಿಗೆ ಇದನ್ನು ಹೇಳಿದೆ. ಅವರು ಕುರ್ಚಿಯಿಂದ ನೆಗೆದರು. ‘ಕೇಸು ವಜಾ! ಆರೋಪವೇ ಇಲ್ಲ! ಮರ್ಯಾದೆಯಿಂದ ಬಿಡುಗಡೆ!’ ಎಂದು ಬೆನ್ನು ತಟ್ಟಿ ಒಳಗಿನಿಂದ ಮಂಡಕ್ಕಿ ತರಿಸಿದರು. ತರ್ಕ ಸರಿಯಾಗಿಯೇ ಇತ್ತು. ಆದರೆ ಮನೆಗೆ ನಡೆಯುತ್ತ ನನಗನ್ನಿಸಿತು: ಇಷ್ಟು ದಿನ ಜನ ನನ್ನನ್ನು ಬೈದುಕೊಳ್ಳುತ್ತಾರೆಂದು ನಂಬಿದ್ದೆನಲ್ಲ, ಅದೊಂದು ಅಂತಸ್ತಾಗಿತ್ತು. ವಕೀಲರು ಅದನ್ನೂ ಕಿತ್ತುಕೊಂಡಿದ್ದರು.

ಮದುವೆ ಹತ್ತಿರ ಬಂದಂತೆ ಕೊಟ್ರಮ್ಮನ ತಾಳ್ಮೆ ಮುಗಿಯಿತು. ‘ಆ ಕುರ್ಚಿ, ಈ ಕನ್ನಡಿ ಎಲ್ಲಾ ಸಾಕು. ನೀರಿಗೆ ನೂಕಿದ್ರೆ ಈಜು ತಾನೇ ಬರ್ತೈತೆ’ ಎಂದು ನಾಲ್ಕನೆಯ ಚಿಕಿತ್ಸೆಯನ್ನು ಅವಳೇ ಕೈಗೆತ್ತಿಕೊಂಡಳು. ನ್ಯಾಮತಿಯಲ್ಲಿ ಅವಳ ಚಿಕ್ಕಮ್ಮನ ಮನೆಯಿತ್ತು. ಮದುವೆಗೆ ಕರೆಯುವ ನೆವದಲ್ಲಿ ನನ್ನನ್ನು ಅಲ್ಲಿಗೆ ಕರೆದೊಯ್ದು, ಸಂತೆಯ ನಡುವೆ ನಿಲ್ಲಿಸಿ, ಕೈಗೆ ಚೀಲ ಕೊಟ್ಟಳು. ಅದರಲ್ಲಿ ಆಗತಾನೇ ಕೊಂಡ, ಹುಳುಕಿದ್ದ ಬದನೆಕಾಯಿ. ‘ಹೋಗ್ರಿ, ಇವನ್ನ ವಾಪಸ್ ಕೊಟ್ಟು, ಜೋರು ಮಾಡಿ ಬೇರೆ ಇಸ್ಕಂಡು ಬರ್ರಿ.’ ಹೋದೆ. ಬದನೆಕಾಯಿಯಾಕೆ ಸೊಂಟದ ಮೇಲೆ ಕೈಯಿಟ್ಟು ‘ಏನು?’ ಎಂದಳು. ನಾನು ಚೀಲ ತೆರೆದು ತೋರಿಸಿ ‘ಇದು ಸ್ವಲ್ಪ...’ ಎಂದೆ. ‘ಸ್ವಲ್ಪ ಏನು? ಬಾಯಿ ಬಿಟ್ಟು ಹೇಳ್ರಿ!’ ‘ಸ್ವಲ್ಪವೇ ಕೊಂಡಿದ್ದೆವು. ಇನ್ನೂ ಒಂದಿಷ್ಟು ಕೊಡಿ’ ಎಂದೆ.

ಕೊಟ್ರಮ್ಮ ಬಿಡಲಿಲ್ಲ. ಒಂದೊಂದು ಅಂಗಡಿಗೂ ನೂಕಿದಳು. ಚೌಕಾಸಿ ಮಾಡಲು ಹೋದಲ್ಲೆಲ್ಲ ನಾನು ಒಂದೊಂದು ಕುಂಬಳಕಾಯಿ ಹೊತ್ತು ಮರಳಿದೆ. ಕಡೆಗೊಮ್ಮೆ ಕಣ್ಣು ಮುಚ್ಚಿ, ಮುಷ್ಟಿ ಬಿಗಿದು, ‘ನನಗೆ ಬ್ಯಾಡ ಅಂದ್ರೆ ಬ್ಯಾಡ!’ ಎಂದು ಗುಡುಗಿದೆ. ಕಣ್ಣು ತೆರೆದರೆ ಎದುರಿಗಿದ್ದವನು ವ್ಯಾಪಾರಿಯಲ್ಲ. ನನ್ನ ಹಾಗೆಯೇ ಕುಂಬಳಕಾಯಿ ಹೊತ್ತುಕೊಂಡು ನಿಂತಿದ್ದ ಯಾರೋ ಒಬ್ಬ ಬಡಪಾಯಿ. ಅವನು ‘ತಪ್ಪಾತು ಸ್ವಾಮಿ’ ಎಂದು ಹಿಂದೆ ಸರಿದ. ಬಸ್ಸಿನ ಮೇಲೆ ಕುಂಬಳಕಾಯಿಯ ಮೂಟೆ ಹಾಕಿಸಿಕೊಂಡು ಚನ್ನಗಿರಿಗೆ ಬಂದೆವು. ದಾರಿಯಲ್ಲಿ ಕೊಟ್ರಮ್ಮ ಕಿಟಕಿಯ ಕಡೆ ಮುಖ ತಿರುಗಿಸಿ ಸೆರಗಿನಿಂದ ಕಣ್ಣೊರೆಸಿಕೊಂಡದ್ದನ್ನು ಕಂಡೆ. ಅಲ್ಲಿಯವರೆಗೆ ಇದು ನನ್ನ ರೋಗವೆಂದುಕೊಂಡಿದ್ದೆ. ಅದರ ನೋವು ತಿನ್ನುವವಳು ಬೇರೆ ಇದ್ದಾಳೆಂದು ಅವತ್ತು ತಿಳಿಯಿತು.

ಮದುವೆಯ ದಿನ ಬಂತು. ಜಗಳೂರಿನ ಬಿಸಿಲು, ಹಸಿ ತೆಂಗಿನ ಗರಿಯ ಚಪ್ಪರ, ಕಿವಿ ಕಿತ್ತುಹೋಗುವ ಮೈಕು. ಧಾರೆ ಮುಗಿದು ಮೊದಲ ಪಂಕ್ತಿಗೆ ಬೀಗರು ಕೂತರು. ಸಾಲಿನ ನಡುಮಧ್ಯದಲ್ಲಿ ಕೆಂಪು ರುಮಾಲಿನ ದೊಡ್ಡಪ್ಪ. ಮಾವನವರು ನನ್ನ ಹೆಗಲಿಗೆ ಜರಿಯಂಚಿನ ಶಲ್ಯ ಹಾಕಿ, ‘ನಡೀರಿ ಅಳಿಯಂದ್ರೆ’ ಎಂದು ಬೆನ್ನಿಗೆ ಕೈಯಿಟ್ಟು ಸಣ್ಣಗೆ ನೂಕಿ, ತಾವು ಬಾಗಿಲಿಗೆ ಹೋದರು. ನಾನು ಸಾಲಿನ ತುದಿಯಲ್ಲಿ ನಿಂತೆ. ಮುತ್ತುಗದ ಎಲೆಗಳು ದಾವಣಗೆರೆಯವರೆಗೂ ಹಾಸಿದಂತೆ ಕಂಡವು. ಒಳಗೆ ಸಿಂಹ ಪಿಸುಗುಟ್ಟಿತು. ಸೋದರಮಾವ ಚಪ್ಪಲಿ ಕಾಯಲು ಹೇಳಿದರು. ವಕೀಲರು ಸಾಕ್ಷಿ ಕೇಳಿದರು. ಬದನೆಕಾಯಿಯಾಕೆ ‘ಬಾಯಿ ಬಿಟ್ಟು ಹೇಳ್ರಿ’ ಎಂದಳು. ನಾಲ್ಕೂ ಚಿಕಿತ್ಸೆಗಳು ಒಂದರ ಕಾಲಿಗೆ ಒಂದು ತೊಡರಿ ಬಿದ್ದವು. ಅಡಿಗೆಮನೆಯ ಬಾಗಿಲಲ್ಲಿ ಕೊಟ್ರಮ್ಮ ಕೈಸನ್ನೆ ಮಾಡುತ್ತಿದ್ದಳು. ನಾನು ಬಾಯಿ ಮುಚ್ಚಿಕೊಂಡೇ ನಡೆದೆ. ಅರ್ಧ ಪಂಕ್ತಿಯನ್ನು ಶವಯಾತ್ರೆಯ ಮುಂದೆ ಹೋಗುವವನಂತೆ ದಾಟಿದೆ. ಯಾರೂ ನನ್ನನ್ನು ಗಮನಿಸಲಿಲ್ಲ. ಒಬ್ಬರು ಮಾತ್ರ ‘ಸ್ವಲ್ಪ ಬೆಳಕು ಬಿಡಪ್ಪ’ ಎಂದರು.

ದೊಡ್ಡಪ್ಪನವರ ಹತ್ತಿರಕ್ಕೆ ಬಂದಾಗ ಅವರ ಮುಖ ಕಪ್ಪಿಟ್ಟಿತ್ತು. ಎಲೆಯ ಮೇಲೆ ಗೋಧಿ ಹುಗ್ಗಿ ರಾಶಿಯಾಗಿತ್ತು, ತುಪ್ಪ ಬಿದ್ದಿರಲಿಲ್ಲ. ತುಪ್ಪದ ತಂಬಿಗೆ ಹಿಡಿದವನು ಆ ಮೀಸೆಗೆ ಹೆದರಿಯೋ ಏನೋ, ಅವರನ್ನು ಹಾರಿಸಿ ಮುಂದಿನ ಎಲೆಗೆ ಹೋಗಿಬಿಟ್ಟಿದ್ದ. ಆಗ ನಾನು ಒಂದನ್ನು ನೋಡಿದೆ. ದೊಡ್ಡಪ್ಪನವರ ಎಡಗೈಯ ತೋರುಬೆರಳು ತೊಡೆಯಿಂದ ಸ್ವಲ್ಪ ಮೇಲೆದ್ದಿತು. ತುಪ್ಪದವನ ಬೆನ್ನಿನ ಕಡೆ ತಿರುಗಿತು. ಅಲ್ಲೇ ಒಂದು ಕ್ಷಣ ಅನುಮಾನಿಸಿತು. ಆಮೇಲೆ, ತಾನು ಏಳಲು ಕಾರಣವೇ ಬೇರೆ ಎಂಬಂತೆ, ಮೀಸೆಯ ಹತ್ತಿರ ಹೋಗಿ ಅದನ್ನು ತಿರುವತೊಡಗಿತು. ‘ಮೀಸೆಗೆ ಕೈ ಹೋತು! ಎದ್ರು ಅಂತ ತಿಳ್ಕಳ್ರಿ!’ ಎಂದು ಯಾರೋ ಉಸುರಿದರು.

ಓದುಗರೇ, ಆ ಬೆರಳು ನನಗೆ ಗೊತ್ತು. ಅದು ಸಿಟ್ಟಿನ ಬೆರಳಲ್ಲ. ಜೀವಮಾನವಿಡೀ ನಾನು ಹಾಗೆಯೇ ಕೈಯೆತ್ತಿ, ಬಡಿಸುವವನು ನೋಡದೆ ಹೋದಾಗ ಕಿವಿ ಕೆರೆದುಕೊಂಡವನು. ನನಗೆ ಮೀಸೆ ಇರಲಿಲ್ಲ. ಇದ್ದಿದ್ದರೆ ನಾನೂ ತಿರುವುತ್ತಿದ್ದೆ. ಆ ಭಯಂಕರ ಮನುಷ್ಯ ತುಪ್ಪ ಕೇಳಲು ನಾಚುತ್ತಿದ್ದರು.

‘ಏ ತುಪ್ಪ! ಎಲ್ಲಿಗೆ ಓಡ್ತೀಯಾ? ಬಾ ಇಲ್ಲಿ!’

ಚಪ್ಪರ ನಡುಗಿತು. ಮೈಕಿನವನು ಹಾಡು ನಿಲ್ಲಿಸಿದ. ಇಷ್ಟು ಜೋರಾಗಿ ಕೂಗಿದ ಅವಿವೇಕಿ ಯಾರೆಂದು ನಾನೂ ಹಿಂದೆ ತಿರುಗಿ ನೋಡಿದೆ. ಹಿಂದೆ ಯಾರೂ ಇರಲಿಲ್ಲ. ತುಪ್ಪದವನು ಓಡಿ ಬಂದ. ದೊಡ್ಡಪ್ಪ ‘ಬ್ಯಾಡ ಬ್ಯಾಡ’ ಎಂದು ಎಲೆಯ ಮೇಲೆ ಕೈ ಅಡ್ಡ ಹಿಡಿದರು. ಆದರೆ ಬೆರಳುಗಳನ್ನು ಎಷ್ಟು ಅಗಲಿಸಿ ಹಿಡಿದಿದ್ದರೆಂದರೆ ನಡುವೆ ತಂಬಿಗೆಯೇ ತೂರುತ್ತಿತ್ತು. ಆ ಕೈಯೂ ನನಗೆ ಪರಿಚಿತವೇ. ‘ಬ್ಯಾಡ ಅನ್ನೋದನ್ನ ಉಂಡಾದ ಮೇಲೆ ಅನ್ನೀರಂತೆ ದೊಡ್ಡಪ್ಪಾರೆ! ಹಾಕಯ್ಯ, ಹುಗ್ಗಿ ಮುಳುಗ್ಲಿ!’ ಎಂದೆ. ಬೆರಳ ಸಂದಿಯಿಂದ ತುಪ್ಪ ಇಳಿಯಿತು. ಕೈ ನಿಧಾನವಾಗಿ ಹಿಂದೆ ಸರಿಯಿತು.

ಆಮೇಲೆ ನನ್ನನ್ನು ಹಿಡಿಯುವವರಿರಲಿಲ್ಲ. ಪಂಕ್ತಿಯ ಕಡೆ ತಿರುಗಿ ನೋಡಿದರೆ ಎಲ್ಲವೂ ಬಿಡಿಸಿಟ್ಟ ಪುಸ್ತಕ. ಅಗೋ, ಹುಗ್ಗಿಯ ಬಕೆಟ್ಟಿನ ಹಿಂದೆ ಕಣ್ಣು ಕಳಿಸಿ ಮುಖವನ್ನು ಮಾತ್ರ ಪಕ್ಕದವನ ಕಡೆ ಇಟ್ಟುಕೊಂಡವರು! ಇಗೋ, ಹಪ್ಪಳ ಬೇಕಾಗಿ, ಕೇಳಲಾರದೆ, ಪಕ್ಕದ ಎಲೆಯಲ್ಲಿ ಹಪ್ಪಳ ಮುರಿಯುವ ಸದ್ದಿಗೆ ಬೆಚ್ಚುವವರು! ಖಾಲಿ ಲೋಟವನ್ನು ಎತ್ತಿ ಸುಮ್ಮನೆ ಕುಡಿದಂತೆ ಮಾಡಿ ಇಡುವವರು! ನೀರು, ಹಪ್ಪಳ, ಹಾಲು, ಪಲ್ಯ ಎಂದು ಕೂಗುತ್ತ ಹೋದೆ. ನನಗಾಗಿ ಒಂದು ಲೋಟ ನೀರು ಕೇಳಲಾರದ ಗಂಟಲು ಇನ್ನೊಬ್ಬರ ಹಪ್ಪಳಕ್ಕಾಗಿ ಕಹಳೆಯಾಯಿತು. ನಿಜವಾಗಿ ಸಾಕಾದವರನ್ನು ಒಂದು ಸಲವೂ ಒತ್ತಾಯಿಸಲಿಲ್ಲ. ಬೇಕೆನ್ನಲಾರದವರನ್ನು ಒಬ್ಬರನ್ನೂ ಬಿಡಲಿಲ್ಲ. ಬಡಿಸುವ ಹುಡುಗರು ನನ್ನ ಕಣ್ಸನ್ನೆಗೆ ಓಡತೊಡಗಿದರು. ಅಡಿಗೆಮನೆಯ ಬಾಗಿಲಲ್ಲಿ ಕೊಟ್ರಮ್ಮ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ನಿಂತಿದ್ದಳು. ಈ ಸಲದ ಕಣ್ಣೀರು ನ್ಯಾಮತಿ ಬಸ್ಸಿನದಾಗಿರಲಿಲ್ಲ.

ಕೈ ತೊಳೆದು ಬಂದ ದೊಡ್ಡಪ್ಪ ಮಾವನವರನ್ನು ಕರೆದರು. ಮಾವನವರು ಕೈ ಜೋಡಿಸಿಕೊಂಡೇ ಬಂದರು. ಇಡೀ ಚಪ್ಪರ ಕಿವಿಯಾಯಿತು.

‘ಏನ್ ಬೀಗ್ರೆ! ಎಂಥಾ ಅಳಿಯನ್ನ ಹುಡುಕ್ಕಂಡೀರಿ! ನಂಗೇನ್ ಬೇಕು ಅಂತ ನನ್ನ ಹೆಂಡ್ತೀಗೇ ಇಲ್ಲೀಗಂಟ ಗೊತ್ತಾಗಿಲ್ಲ. ಈ ಮನುಷ್ಯ ಮೀಸೆ ನೋಡಿ ಹೇಳ್ತಾನಲ್ರಿ! ನಮ್ಮ ಹುಡುಗಿ ಯೋಚ್ನೆ ಬಿಡ್ರಿ ನೀವು. ಹಬ್ಬಕ್ಕೆ ನಾನೇ ಕರ್ಕಂಡು ಬರ್ತೀನಿ. ಆದ್ರೆ ಊಟಕ್ಕೆ ಇವ್ರೇ ನಿಂತ್ಕಬೇಕು.’

‘ನಮ್ಮ ಹುಡುಗಿ’ ಎಂಬ ಆ ಎರಡು ಮಾತಿಗೆ ನನ್ನ ಮಾವ ಚಪ್ಪರದ ಕಂಬ ಹಿಡಿದುಕೊಂಡರು. ಆಮೇಲೆ ಎಲೆಯಡಿಕೆ ಹಾಕಿಕೊಳ್ಳುವಾಗ ದೊಡ್ಡಪ್ಪ ನನ್ನನ್ನು ಪಕ್ಕಕ್ಕೆ ಎಳೆದು ತಗ್ಗಿದ ಧ್ವನಿಯಲ್ಲಿ ಹೇಳಿದರು: ‘ಅವತ್ತು ಆ ಮದ್ವೇಲಿ ಎದ್ದೆ ನೋಡು, ಸಿಟ್ಟಿಗಲ್ಲ ತಮ್ಮಾ. ಸಾರು ಕೇಳಾಕೆ ನಾಚ್ಕೆ ಆತು. ಬರೀ ಅನ್ನ ಎಷ್ಟೊತ್ತು ಕಲಸ್ತಾ ಕುಂದ್ರಾದು? ಎದ್ದುಬಿಟ್ಟೆ. ಜನ ಸಿಟ್ಟು ಅಂದ್ರು. ನಾನೂ ಸಿಟ್ಟೇ ಅಂತ ಇಟ್ಕಂಡೆ.’ ಹೇಳಿ, ಸುತ್ತ ಒಮ್ಮೆ ಕಣ್ಣಾಡಿಸಿ, ಮತ್ತೆ ಮುಖ ಗಂಟಿಕ್ಕಿಕೊಂಡು ಹೋದರು.

ಆ ಮದುವೆಯಿಂದಾಚೆ ನನ್ನ ದಿಗ್ವಿಜಯ ಶುರುವಾಯಿತು. ಎಂಬತ್ತರ ದಶಕ ಕಳೆಯುವವರೆಗೆ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಸೀಮೆಗಳಲ್ಲಿ ಘನವಾದ ಮದುವೆ ಎಂದರೆ ಅಲ್ಲಿ ಶಲ್ಯ ಹೊದ್ದು ನಾನಿರಬೇಕು. ಮುಹೂರ್ತ ಇಡುವ ಮೊದಲು ನನ್ನ ಬಿಡುವು ಕೇಳಿಕೊಂಡು ಹೋದವರಿದ್ದಾರೆ. ಕಚೇರಿಗೆ ಬಂದ ರೈತರು ಈಗ ಬಾಗಿಲಲ್ಲೇ ಚಪ್ಪಲಿ ಬಿಟ್ಟು, ‘ಸಾವ್ಕಾರ್ರೆ, ಮಗಳ ಮದ್ವಿ ಐತೆ, ಪಂಕ್ತಿ ನಿಮ್ದೇ’ ಎನ್ನುತ್ತಿದ್ದರು. ಕಾಲುವೆ ನೀರಿನ ವಿಷಯ ಆಮೇಲೆ ಬರುತ್ತಿತ್ತು. ಸಾಹೇಬರು ಸಹ ತಮ್ಮ ಮಗನ ಮದುವೆಗೆ ನನ್ನನ್ನು ಜೀಪಿನ ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಹೋದರು. ತಾವು ಹಿಂದೆ ಕೂತರು.

ಇನ್ನು ಶಾಸ್ತ್ರದ ತೀರ್ಮಾನ ಉಳಿಯಿತು: ನಾಲ್ಕರಲ್ಲಿ ಯಾವ ಚಿಕಿತ್ಸೆ ಮೇಲು? ಈ ಪ್ರಶ್ನೆ ಕೇಳಿಕೊಂಡು ಚಿಕಿತ್ಸಕರೇ ಬಂದರು. ರುದ್ರಯ್ಯ ಹೊನ್ನಾಳಿಯಿಂದ ಬಂದು ‘ಸಿಂಹ ಅಂದದ್ದು ನಾಟ್ತೋ ಇಲ್ವೋ, ಹೇಳು’ ಎಂದು ಎದೆಯುಬ್ಬಿಸಿ ನಿಂತ. ಅವನ ಡ್ರಾಯಿಂಗ್ ಕ್ಲಾಸನ್ನು ಶಾಲೆಯಲ್ಲಿ ಯಾರೂ ಲೆಕ್ಕಕ್ಕೆ ಇಟ್ಟುಕೊಳ್ಳುತ್ತಿರಲಿಲ್ಲವೆಂಬುದು ನನಗೆ ಗೊತ್ತಿತ್ತು. ‘ನಿನ್ನದೇ ಕಣೋ’ ಎಂದೆ. ಅವನು ಒಂದು ಮೊಳ ಎತ್ತರವಾಗಿ ಬಸ್ಸು ಹತ್ತಿದ. ಪ್ರಭಾಕರ ‘ಬೇರನ್ನೇ ಹಿಡಿದೆವು ನೋಡಿ’ ಎಂದರು. ಒಮ್ಮೆಯೂ ಭೇಷ್ ಎನಿಸಿಕೊಳ್ಳದವರು. ‘ಭೇಷ್ ಸಾರ್, ಎಲ್ಲ ನಿಮ್ಮಿಂದಲೇ’ ಎಂದೆ. ಕನ್ನಡಕ ಒರೆಸಿಕೊಂಡರು. ವಕೀಲರು ಕಟ್ಟೆಯ ಮೇಲೆ ಕೂತು ದಾರಿಹೋಕರಿಗೆಲ್ಲ ‘ಇವನ ಕೇಸು ಗೆಲ್ಲಿಸಿದ್ದು ನಾನೇ’ ಎನ್ನುತ್ತಿದ್ದರು. ಕೋರ್ಟಿನಲ್ಲಿ ಅವರು ಗೆದ್ದು ಬಹಳ ಕಾಲವಾಗಿತ್ತು. ನಾನು ಪಕ್ಕದಲ್ಲಿ ನಿಂತು ಹೌದೌದು ಎಂದೆ. ನನ್ನ ರೋಗ ಯಾವುದರಿಂದ ಗುಣವಾಯಿತೋ ದೇವರೇ ಬಲ್ಲ. ನನ್ನಿಂದ ಮಾತ್ರ ಮೂವರು ವೈದ್ಯರು ಸಂಪೂರ್ಣವಾಗಿ ಗುಣಮುಖರಾದರು.

ಕೊನೆಗೆ ಕೊಟ್ರಮ್ಮ. ಒಂದು ಮಧ್ಯಾಹ್ನ ಪಡಸಾಲೆಯಲ್ಲಿ ಎಲೆಗೆ ಸುಣ್ಣ ಹಚ್ಚುತ್ತ, ನನ್ನ ಕಡೆ ನೋಡದೆಯೇ ಕೇಳಿದಳು: ‘ಅವ್ರಿಗೆಲ್ಲ ನಿಮ್ದೇ ನಿಮ್ದೇ ಅಂತ ಹೇಳಿ ಕಳಿಸಿದ್ದನ್ನ ಕೇಳೀನಿ. ನನ್ನ ಹತ್ರ ಆದ್ರೂ ಖರೇ ಹೇಳ್ರಿ. ಯಾರ ಮದ್ದು ನಾಟಿದ್ದು?’

ನಾನು ನೆಟ್ಟಗೆ ಕೂತೆ. ನಾಲಿಗೆ ತೊದಲಲಿಲ್ಲ. ಅವಳ ಕಣ್ಣಲ್ಲಿ ಕಣ್ಣಿಟ್ಟು, ಪಕ್ಕದ ಮನೆಗೂ ಕೇಳುವ ಹಾಗೆ, ‘ನಿನ್ನದೇ ಕಣೇ. ನ್ಯಾಮತಿ ಸಂತೆ ಇಲ್ಲದಿದ್ದರೆ ನಾನೆಲ್ಲಿ?’ ಎಂದೆ.

ಅವಳ ಮುಖ ಅರಳಿತು. ಕಟ್ಟಿದ ಎಲೆಯನ್ನು ನನ್ನ ಕೈಗೆ ಕೊಟ್ಟಳು. ಹೆಂಡತಿಯ ಮುಖ ನೋಡುತ್ತ ಇಷ್ಟು ದೊಡ್ಡ ಸುಳ್ಳನ್ನು ಇಷ್ಟು ಗಟ್ಟಿಯಾಗಿ ಹೇಳಿದ್ದು ಜೀವಮಾನದಲ್ಲಿ ಅದೇ ಮೊದಲು. ನನ್ನ ಕೀಳರಿಮೆ ಪೂರ್ತಿ ವಾಸಿಯಾಗಿದೆ ಎಂಬುದು ನನಗೆ ಖಾತ್ರಿಯಾದದ್ದು ಆ ಕ್ಷಣದಲ್ಲಿ.